ಹಂಡೆ ಕೊಟ್ಟು ತಂದ ಗಾಳಿ

ನಮ್ಮೂರಿಗೆ ಬಂದ ಪರಸ್ಥಳದವರೆಲ್ಲ ಮೊದಲು ಹೊಗಳುತ್ತಿದ್ದದ್ದು ನಮ್ಮ ನಯವಿನಯವನ್ನು. ಬೀದಿಯಲ್ಲಿ ಎದುರಾದವರು ನಿಂತು ಕೈಮುಗಿಯುತ್ತಿದ್ದರು, ಊಟ ಆಯಿತೇ ಎನ್ನುತ್ತಿದ್ದರು, ಆಗಿಲ್ಲವೆಂದರೆ ಮುಖ ಸಣ್ಣದು ಮಾಡಿಕೊಂಡು ಮರುಗುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಲೋಟ ಎತ್ತಿ ಕುಡಿದು ಬಾಯಿ ಚಪ್ಪರಿಸುತ್ತಿದ್ದರು. ನೋಡಿದವರು ಎಂಥ ಸಂಸ್ಕಾರವಂತರಪ್ಪ ಎಂದು ತಲೆದೂಗುತ್ತಿದ್ದರು. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ನಮಗಿದ್ದದ್ದು ಒದ್ದೆ ಬಟ್ಟೆಯ ಭಯ.

ನಮ್ಮೂರಲ್ಲಿ ಒದ್ದೆಯಾದದ್ದು ತಾನಾಗಿ ಆರುವುದಿಲ್ಲ. ಬಿಸಿಲಿಗೆ ಹಾಕಿದರೆ ಬಿಸಿಯಾಗುತ್ತದೆ, ಗಾಳಿಗೆ ಹಾಕಿದರೆ ಪಟಪಟನೆ ಹಾರಾಡುತ್ತದೆ, ಆರುವುದು ಮಾತ್ರ ಇಲ್ಲ. ಬೇರೆ ಮನೆಯವರು ಬಂದು ಬೀಸಣಿಗೆಯಿಂದ ಬೀಸಬೇಕು, ಆಗ ಆರುತ್ತದೆ. ನಮ್ಮ ಬಟ್ಟೆಗೆ ನಾವೇ ಬೀಸಿಕೊಂಡರೆ ತೋಳು ನೋಯುತ್ತದೆ ಅಷ್ಟೆ. ಒಂದೇ ಒಲೆಯ ಅನ್ನ ಉಣ್ಣುವವರು ಬೀಸಿದರೂ ಅದೇ ಪಾಡು. ಟೇಬಲ್ ಫ್ಯಾನ್ ತಂದು ನೋಡಿದವರಿದ್ದಾರೆ, ನೆರೆಮನೆಯ ಫ್ಯಾನನ್ನು ಎರವಲು ತಂದು ನೋಡಿದವರೂ ಇದ್ದಾರೆ. ಅವರ ಸೆಖೆ ಹೋಯಿತು, ಬಟ್ಟೆಯ ಹಸಿ ಹೋಗಲಿಲ್ಲ.

ಹೀಗಾಗಿ ಬೆಳಗಾದರೆ ಓಣಿಯ ಹೆಂಗಸರು ಗಂಡಸರು ಬೀಸಣಿಗೆ ಹಿಡಿದು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತಿದ್ದರು. ನೀನು ನನ್ನ ಪಂಚೆಗೆ ಬೀಸು, ನಾನು ನಿನ್ನ ಸೀರೆಗೆ ಬೀಸುತ್ತೇನೆ ಎಂಬ ಕರಾರಿನ ಮೇಲೆ ಊರು ನಿಂತಿತ್ತು. ಯಾರನ್ನಾದರೂ ಬೈದರೆ ಮರುದಿನ ಒದ್ದೆ ಚಡ್ಡಿಯಲ್ಲಿ ಓಡಾಡಬೇಕು. ಆದ್ದರಿಂದ ಯಾರೂ ಬೈಯುತ್ತಿರಲಿಲ್ಲ. ಹೊಟ್ಟೆಯಲ್ಲಿ ಎಷ್ಟು ಉರಿದರೂ ತುಟಿಯ ಮೇಲೆ ನಗೆ ಇರುತ್ತಿತ್ತು. ಪುರಸಭೆಯ ಅಧ್ಯಕ್ಷ ಅಂದಾನೆಪ್ಪನವರು ಎಷ್ಟುದ್ದ ಭಾಷಣ ಮಾಡಿದರೂ ಜನ ಎದ್ದು ಹೋಗುತ್ತಿರಲಿಲ್ಲ, ಯಾಕೆಂದರೆ ಅಂದಾನೆಪ್ಪನವರ ಮನೆಯಲ್ಲಿ ಬೀಸುವ ಕೈಗಳು ಬಹಳ ಇದ್ದವು.

ನಾನು ಈ ಊರಿನ ಟೇಲರ್, ಹೆಸರು ಮಾನಪ್ಪ. ನಾನು ಹೊಲಿದದ್ದನ್ನು ಊರವರೆಲ್ಲ "ಭಾಳ ಚಂದ ಆಗೇತಿ" ಎಂದೇ ಒಯ್ಯುತ್ತಿದ್ದರು. ಕೊರಳು ಬಿಗಿಯಾಗಿ ಕಣ್ಣು ಹೊರಬಂದಿದ್ದರೂ ಭಾಳ ಚಂದ. ಸುಳ್ಳು ಹೊಗಳಿಕೆಯಲ್ಲಿ ಕಸುಬು ಕಲಿಯುವುದು ಎಷ್ಟು ಕಷ್ಟ ಎಂದು ಕಸುಬಿನವರಿಗೇ ಗೊತ್ತು. ನನಗೆ ಹೊಲಿಗೆ ಕಲಿಸಿದವಳು ಎದುರು ಮನೆಯ ನೀಲಗಂಗವ್ವ. ಅವಳು ಜನ್ಮದಲ್ಲಿ ಸೂಜಿಗೆ ದಾರ ಪೋಣಿಸಿದವಳಲ್ಲ, ರೊಟ್ಟಿ ಬಡಿದು ಮಾರುವವಳು. ಆದರೆ ಊರಿನಲ್ಲಿ ಕಣ್ಣಿಗೆ ಕಂಡದ್ದನ್ನು ಬಾಯಲ್ಲಿ ಹೇಳುತ್ತಿದ್ದವಳು ಅವಳೊಬ್ಬಳೇ.

"ಏ ಮಾನಪ್ಪಾ, ಇದರಾಗ ತಲಿ ಹಾಕೂದೆಲ್ಲಿ, ಕೈ ಹಾಕೂದೆಲ್ಲಿ? ಗುರ್ತು ಹಾಕಿ ಕೊಡೋ ಮಾರಾಯಾ" ಎಂದು ನನ್ನ ಮೊದಲ ಕುಪ್ಪಸವನ್ನು ಬೀದಿಯಲ್ಲಿ ಎತ್ತಿ ಹಿಡಿದು ಹೇಳಿದ್ದಳು. ನಾನು ಹಲ್ಲು ಕಚ್ಚಿ ಹೊಲಿಗೆ ಬಿಚ್ಚಿದೆ, ಮತ್ತೆ ಹೊಲಿದೆ. ಆಮೇಲೆ ಹೊಸದೇನು ಹೊಲಿದರೂ ಮೊದಲು ಅವಳಿಗೆ ತೋರಿಸುವುದು ರೂಢಿಯಾಯಿತು. ಅವಳು ಮೂಗು ಮುರಿದರೆ ಬಿಚ್ಚುತ್ತಿದ್ದೆ, ಸುಮ್ಮನಿದ್ದರೆ ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ. ಅವಳು ಹೊಗಳಿದ್ದು ಇಲ್ಲವೇ ಇಲ್ಲ.

ಇಂಥ ಬಾಯಿಯವಳ ಬಟ್ಟೆ ಆರುತ್ತಿದ್ದದ್ದು ಹೇಗೆ ಎಂದು ನೀವು ಕೇಳಬೇಕು. ಅವಳ ಪಕ್ಕದ ಮನೆಯಲ್ಲಿ ಕೆಂಚವ್ವ ಎಂಬ ಮುದುಕಿ ಇದ್ದಳು, ಎರಡೂ ಕಿವಿ ಕೇಳುತ್ತಿರಲಿಲ್ಲ. ನೀಲಗಂಗವ್ವ ಏನೆಂದರೂ ಮುದುಕಿ "ಹೂಂನವ್ವಾ" ಎಂದು ನಗುತ್ತ ಬೀಸುತ್ತಿದ್ದಳು. ಆ ಕಿವುಡುತನದ ಪುಣ್ಯದಿಂದ ಒಂದು ನಾಲಿಗೆ ಊರಿನಲ್ಲಿ ನೆಟ್ಟಗೆ ಉಳಿದಿತ್ತು.

ಕೆಂಚವ್ವ ತೀರಿಕೊಂಡಳು. ಅದೇ ಹೊತ್ತಿಗೆ ನೀಲಗಂಗವ್ವನ ಮಗಳು ಇಂದುಮತಿ ಹೊಳೆಯಾಚೆಯ ಊರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಐದು ತಿಂಗಳು ತುಂಬುವ ಮೊದಲು ಕೂಸನ್ನು ಹೊಳೆ ದಾಟಿಸಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಕೂಸಿಗೇನು ಗೊತ್ತು ಊರಿನ ರೀತಿ? ಗಳಿಗೆಗೊಮ್ಮೆ ಒದ್ದೆ ಮಾಡುತ್ತಿತ್ತು. ತೊಳೆದ ಬಟ್ಟೆಗಳು ಹಗ್ಗದ ಮೇಲೆ ನೀರಿಳಿಸುತ್ತ ಸಾಲಾಗಿ ತೂಗುತ್ತಿದ್ದವು, ಬೀಸುವವರು ಯಾರೂ ಇಲ್ಲ. ಹಳೇ ಸೀರೆಗಳನ್ನು ಹರಿದದ್ದಾಯಿತು, ಹರಿದದ್ದೂ ತೀರಿತು. ಕೂಸಿನ ತೊಡೆಯ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದು, ಅದು ಹಗಲೂ ರಾತ್ರಿ ಅಳತೊಡಗಿತು.

ಒಂದು ದಿನ ನೀಲಗಂಗವ್ವ ತಲೆಗೆ ನೀರು ಸವರಿ ಬಾಚಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕಸ್ತೂರಿ ಬಾಗಿಲಲ್ಲಿ ರಂಗೋಲಿ ಹಾಕಿ ಏಳುತ್ತಿದ್ದಳು. ನೀಲಗಂಗವ್ವ ನಿಂತಳು, ಉಗುಳು ನುಂಗಿದಳು, ಬಾಯಿ ತೆರೆದಳು.

"ಕಸ್ತೂರೀ, ರಂಗೋಲಿ ಭಾಳ ಚಂದ ಹಾಕೀಯವ್ವಾ" ಎಂದಳು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡೆ. ಕಸ್ತೂರಿಯ ಮುಖ ಅರಳಿತು. ಅಷ್ಟಕ್ಕೇ ನಿಂತಿದ್ದರೆ ಕೂಸಿನ ಬಟ್ಟೆ ಅಂದೇ ಆರುತ್ತಿತ್ತು. ಆದರೆ ನೀಲಗಂಗವ್ವನ ಹಣೆಯ ಮೇಲೆ ಬೆವರೊಡೆದು, "ಕೋಳಿ ಕೆದರಿದಂಗ ಇದ್ರೂ ಬಣ್ಣ ಚಲೋ ಅದಾವು" ಎಂದುಬಿಟ್ಟಳು.

ಕಸ್ತೂರಿ ಬೀಸಣಿಗೆ ಎತ್ತಿಕೊಂಡು ಒಳಗೆ ಹೋದಳು. ನಾನಾದರೂ ಹೋಗಿ ಬೀಸಿ ಬರುತ್ತೇನೆ ಎಂದರೆ, "ಹೋಗು, ಹೋಗು. ಊಟಾನೂ ಅಲ್ಲೇ ಮಾಡು" ಎಂದಳು. ಅಲ್ಲಿ ಉಂಡರೆ ಒಂದೇ ಒಲೆಯವನಾದೆ, ಬೀಸಿಯೂ ಫಲವಿಲ್ಲ. ನನ್ನ ಹೆಂಡತಿ ಕಾಯಿದೆ ಬಲ್ಲವಳು.

ಆ ಅಳುವ ಕೂಸಿನ ದನಿ ಊರನ್ನೆಲ್ಲ ಸುತ್ತುತ್ತಿದ್ದಾಗ ಬಂತು ಲಾರಿ, ಲಾರಿಯ ಮೇಲೆ ಯಂತ್ರ. ತಗಡಿನ ಒಂದು ಕೋಣೆ, ಒಳಗೆ ಸಾಲುಸಾಲು ತಂತಿ, ನಡುವೆ ಒಂದು ದೊಡ್ಡ ಗಾಲಿ. ಗಾಲಿಗೆ ಸಿಕ್ಕಿಸಿದ ಫ್ಯಾನುಗಳು ತಾವೂ ತಿರುಗುತ್ತ, ಗಾಲಿಯ ಜತೆಗೂ ತಿರುಗುತ್ತ ಕೋಣೆಯ ಮೂಲೆಮೂಲೆಗೂ ಗಾಳಿ ಹಾಕುತ್ತಿದ್ದವು. ಜತೆಗೆ ಬಂದ ಕಂಪನಿಯವನು ಟೈ ಸರಿಮಾಡಿಕೊಂಡು ವಿವರಿಸಿದ.

"ಇದು ಬರೀ ಫ್ಯಾನ್ ಅಲ್ಲ ಸಾರ್. ಮನುಷ್ಯರ ಕೈ ಬೀಸೋ ಹಾಗೇ ಬೀಸುತ್ತೆ. ಒಂದ್ಸಲ ಜೋರು, ಒಂದ್ಸಲ ನಿಧಾನ, ಮಧ್ಯೆ ಸ್ವಲ್ಪ ಸುಸ್ತು."

"ಸುಸ್ತೂ ಆಗ್ತದ?" ಎಂದರು ಅಂದಾನೆಪ್ಪನವರು, ಬೆರಗಾಗಿ.

"ಆಗುತ್ತೆ ಸಾರ್. ಅದೇ ಇದರ ವಿಶೇಷ."

ಕಂಪನಿಯವನು ಪರೀಕ್ಷೆಗೆಂದು ಯಂತ್ರವನ್ನು ಪುರಸಭೆಯ ಅಂಗಳದಲ್ಲಿ ಇಳಿಸಿ ಕೆಲವು ದಿನ ಊರಲ್ಲೇ ಉಳಿದ. ಬೆಳಿಗ್ಗೆ ಹಸಿ ಬಟ್ಟೆ ಹಾಕಿದರೆ ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಗರಿಗರಿ. ಊರವರು ಆರಿದ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ನೀಲಗಂಗವ್ವ ಕೂಸಿನ ಬಟ್ಟೆಗಳನ್ನು ಬುಟ್ಟಿಯಲ್ಲಿ ತಂದು ಕೊನೆಯ ತಂತಿಗೆ ಹಾಕಿದಳು, ಆರಿದ್ದನ್ನು ಎದೆಗವಚಿಕೊಂಡು ಒಯ್ದಳು. ಅಂದು ಕೂಸು ಅಳಲಿಲ್ಲ. ಅವಳು ಯಾರಿಗೂ ಏನೂ ಸಿಹಿಮಾತು ಹೇಳಬೇಕಾಗಿ ಬರಲಿಲ್ಲ. ಅದಕ್ಕಿಂತ ದೊಡ್ಡ ಸುಖ ಅವಳಿಗೆ ಬೇರೆ ಇರಲಿಲ್ಲ.

ಇತ್ತ ಊರಿನಲ್ಲಿ ಇನ್ನೊಂದು ಶುರುವಾಯಿತು. ಮಾಸ್ತರರ ಹೆಂಡತಿ ಗಿರಿಜವ್ವ ಅಂದಾನೆಪ್ಪನವರ ಮನೆಯಿಂದ ಬಂದ ಉಪ್ಪಿನಕಾಯಿಯ ಭರಣಿಯನ್ನು ಹಾಗೇ ಹಿಂದಕ್ಕೆ ಕಳಿಸಿ, "ಇಷ್ಟು ವರ್ಷ ತಿಂದೀನಿ, ಇನ್ನ ನನ್ನ ಹಲ್ಲು ಉಳಿಸಿಕೋಬೇಕು" ಎಂದು ಹೇಳಿಸಿದಳಂತೆ. ಅಲ್ಲಿಂದ ಒಡೆಯಿತು ನೋಡಿ ಕಟ್ಟೆ. ಬಟ್ಟೆ ಆರಿಸಲು ಒಬ್ಬರಿಗೊಬ್ಬರು ಬೇಡವಾದ ಮೇಲೆ ಒಬ್ಬರಿಗೊಬ್ಬರು ಯಾಕೆ ಬೇಕು ಎಂಬುದೇ ಯಾರಿಗೂ ನೆನಪಾಗಲಿಲ್ಲ. ಯಾರ ಹಾಡು ಕತ್ತೆಯ ದನಿ, ಯಾರ ಮಗ ದಡ್ಡ, ಯಾರ ಹೋಳಿಗೆಯಲ್ಲಿ ಹೂರಣಕ್ಕಿಂತ ಮೈದಾ ಹೆಚ್ಚು, ಎಲ್ಲ ಬೀದಿಗೆ ಬಿತ್ತು. ಅಂದಾನೆಪ್ಪನವರು ಭಾಷಣಕ್ಕೆ ಎದ್ದು ನಿಂತ ಕೂಡಲೇ ಜನ ಚಪ್ಪಲಿ ಮೆಟ್ಟಿಕೊಂಡರು. ನನ್ನ ಅಂಗಡಿಗೆ ಗಿರಾಕಿಗಳು ಹಳೆಯ ಅಂಗಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಂದು ಮುಖಕ್ಕೆ ಎಸೆದರು. ಅವು ನೀಲಗಂಗವ್ವ ಆಗಲೇ ಮೂಗು ಮುರಿದಿದ್ದ ಅಂಗಿಗಳೇ ಆದ್ದರಿಂದ ನನಗೆ ಅಷ್ಟೇನೂ ನೋವಾಗಲಿಲ್ಲ. ಮನೆಯಲ್ಲಿ ಏನೂ ಬದಲಾಗಲಿಲ್ಲ. ಒಂದೇ ಒಲೆಯವಳಾದ್ದರಿಂದ ಕಸ್ತೂರಿ ನನಗೆ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿದ್ದಳು.

ನೀಲಗಂಗವ್ವ ಹೊಸ್ತಿಲ ಮೇಲೆ ಕೂಸನ್ನು ಆಡಿಸುತ್ತ ಈ ರಂಪವನ್ನೆಲ್ಲ ನೋಡಿ ನಕ್ಕಳು. "ಇಷ್ಟು ದಿನಾ ಎಲ್ಲಿಟ್ಟಿದ್ರಿ ಈ ನಾಲಿಗೀನ? ಹುಳ ಬಿದ್ದು ನಾರಾಕ ಹತ್ತೇತಲ್ಲ" ಎಂದಳು. ಅದೂ ಸರಿಯೇ. ಅವಳು ಕಂಡದ್ದನ್ನು ಕಂಡ ದಿನ ಹೇಳುತ್ತಿದ್ದಳು, ಇವರದು ವರ್ಷಗಟ್ಟಲೆ ಕೊಳೆತ ಮಾತು.

ಪರೀಕ್ಷೆ ಮುಗಿಯಿತು, ಯಂತ್ರ ಬೇಕೋ ಬೇಡವೋ ಎಂದ ಕಂಪನಿಯವ. ಬೇಡ ಎನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬೀಸಣಿಗೆಗಳನ್ನೆಲ್ಲ ಬಚ್ಚಲೊಲೆಗೆ ಹಾಕಿ ಸುಟ್ಟಾಗಿತ್ತು. ಮನೆಗೊಂದು ತಾಮ್ರದ ಹಂಡೆ ಕೊಡುವುದು, ಹಂಡೆ ಕೊಟ್ಟ ಪ್ರತಿ ಮನೆಗೂ ಯಂತ್ರದಲ್ಲಿ ಸಮಪಾಲು ಎಂದು ಅಂದಾನೆಪ್ಪನವರು ತೀರ್ಮಾನಿಸಿದರು. ಹಂಡೆಗಳು ಲಾರಿ ಹತ್ತಿದವು. ನೀಲಗಂಗವ್ವನ ಮನೆಗೆ ಹೋದಾಗ ಅವಳು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು.

"ಹಂಡೆ ಕೊಟ್ರ ಬಾಣಂತಿಗೆ ನೀರು ಎದರಾಗ ಕಾಸಲಿ? ನಿಮ್ಮ ಟೊಪ್ಪಿಗ್ಯಾಗ?"

ಅಂದಾನೆಪ್ಪನವರು ಟೊಪ್ಪಿಗೆ ಮುಟ್ಟಿಕೊಂಡು ಹಿಂದೆ ಸರಿದರು. ಒಂದು ಹಂಡೆ ಕಡಿಮೆಯಾದರೆ ಏನೂ ಆಗದು ಎಂದ ಕಂಪನಿಯವ. ಯಂತ್ರಕ್ಕೆ ಹಾರ ಹಾಕಿ, ಕಾಯಿ ಒಡೆದು, ಇಂದಿನಿಂದ ಇದು ನಮ್ಮೆಲ್ಲರದು ಎಂದು ಅಂದಾನೆಪ್ಪನವರು ಮೂರು ಸಲ ಕೂಗಿದರು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನಿಗಾದರೂ ಬುದ್ಧಿ ಇರಬೇಕಿತ್ತು. ಹುಟ್ಟಿದಾಗಿನಿಂದ ಒದ್ದೆಯ ಜತೆ ಬದುಕಿದ ಊರು ನಮ್ಮದು.

ಮರುದಿನ ಯಂತ್ರ ಹೊಟ್ಟೆತುಂಬ ಬಟ್ಟೆ ಇಟ್ಟುಕೊಂಡು ಗರಗರ ತಿರುಗಿತು. ಜೋರಾಗಿ ಬೀಸಿತು, ನಿಧಾನವಾಗಿ ಬೀಸಿತು, ಸುಸ್ತೂ ಮಾಡಿಕೊಂಡಿತು. ಬಾಗಿಲು ತೆಗೆದರೆ ಎಲ್ಲ ಬಟ್ಟೆಯೂ ಹಾಕಿದಾಗ ಇದ್ದಷ್ಟೇ ಹಸಿ. ಕೊನೆಯ ತಂತಿಯ ಮೇಲೆ ಮಾತ್ರ ಅಂಗೈಯಗಲದ ಬಟ್ಟೆಗಳು ಹಪ್ಪಳದಂತೆ ಆರಿ ನಿಂತಿದ್ದವು. ಜನ ಮುಖಮುಖ ನೋಡಿಕೊಂಡರು. ನೀಲಗಂಗವ್ವ ತನ್ನ ಬಟ್ಟೆಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತ ಹೇಳಿದಳು.

"ನಿನ್ನೆ ಮಟ ಅದು ಕಂಪನ್ಯಾವಂದಿತ್ತು, ಆರಸ್ತಿತ್ತು. ಈಗ ನಿಮ್ಮದಾತು. ನಿಮ್ಮದು ನಿಮ್ಮ ಬಟ್ಟಿ ಆರಸ್ತೈತೇನ್ರೋ ದಡ್ಡರಾ?"

ಕಂಪನಿಯವನಿಗೆ ಫೋನು ಮಾಡಿದರೆ, ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಇಟ್ಟುಬಿಟ್ಟ. ಮತ್ತೆ ಹಳೆಯಂತೆ ಬೀಸೋಣವೆಂದರೆ, ಹೋಳಿಗೆಗೆ ಹೆಸರಿಟ್ಟವಳ ಸೀರೆಗೆ ಬೀಸುವವರು ಯಾರು? ಅಂದಾನೆಪ್ಪನವರು ಒದ್ದೆ ಶಾಲು ಹೊದ್ದು ಸೀನುತ್ತ ಯೋಚಿಸಿ, ಯಂತ್ರವನ್ನು ದೇವರ ಹೆಸರಿಗೆ ಮಾಡಿಬಿಡೋಣ ಎಂದರು. ಮಂಗಳಾರತಿ ಎತ್ತಿ ದಾನ ಮಾಡಿದ್ದೂ ಆಯಿತು. ಬಟ್ಟೆ ಆರಲಿಲ್ಲ. ದೇವರ ಹೊಲ, ದೇವರ ಬಾವಿ, ದೇವರ ಹುಂಡಿ ಎಲ್ಲವನ್ನೂ ನಮ್ಮದೆಂದೇ ಬಳಸಿಕೊಂಡು ಬಂದವರಿಗೆ ದೇವರ ಯಂತ್ರ ಪರರದ್ದು ಹೇಗಾದೀತು? ಕೊನೆಗೆ ಯಾರಾದರೂ ಒಬ್ಬರು ಇಟ್ಟುಕೊಳ್ಳಿ, ಉಳಿದವರದಾದರೂ ಆರಲಿ ಎಂಬ ಮಾತು ಬಂತು. ಗೇಣು ಜಾಗಕ್ಕಾಗಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರು ಅಂದು "ನಿಂದೇ ಇರಲಿ", "ಛೆ ಛೆ, ನೀನ ಇಟ್ಕೋ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಉದಾರರಾದರು. ಊರಿನ ಚರಿತ್ರೆಯಲ್ಲಿ ಆಸ್ತಿ ಬೇಡವೆಂದು ಜನ ಓಡಿಹೋದದ್ದು ಅದೇ ಮೊದಲು.

ಆಗ ಎಲ್ಲರ ಕಣ್ಣೂ ನೀಲಗಂಗವ್ವನ ಮನೆಯತ್ತ ತಿರುಗಿತು. ಒದ್ದೆ ಅಂಗಿ, ಒದ್ದೆ ಪಂಚೆ, ಒದ್ದೆ ಸೀರೆಗಳ ಮೆರವಣಿಗೆ ಅವಳ ಬಾಗಿಲಿಗೆ ಬಂತು. ನಾನೂ ಇದ್ದೆ, ನನ್ನ ಅಂಗಿಯೂ ಬೆನ್ನಿಗೆ ಅಂಟಿತ್ತು.

"ಅಕ್ಕಾರ, ಯಂತ್ರ ನಿಮಗ ಉಡುಗೊರಿ ಕೊಡ್ತೀವಿ" ಎಂದರು ಅಂದಾನೆಪ್ಪನವರು.

"ನನಗೆದಕ್ಕ? ನಂದಾದ ಮ್ಯಾಲ ಕೂಸಿನ ಬಟ್ಟಿ ಆರೂದಿಲ್ಲ."

"ಅದಕ್ಕ ನಾವೆಲ್ಲಾ ಬೀಸ್ತೀವಲ್ಲ, ಮನೀಗೊಂದು ದಿನದ ಪಾಳಿ ಹಚ್ಚಿ."

"ಕೆಂಚವ್ವ ಸತ್ತಾಗ ಎಲ್ಲಿ ಹೋಗಿತ್ತೋ ನಿಮ್ಮ ಪಾಳಿ? ಕೂಸು ಅತ್ತದ್ದು ಕಿವಿಗೆ ಬಿದ್ದಿರಲಿಲ್ಲೇನು? ಕೆಂಚವ್ವ ಒಬ್ಬಾಕೀನ ಕಿವುಡಿ ಅಂದ್ಕೊಂಡಿದ್ನಲ್ಲೋ ನಾನು."

ಅಂದಾನೆಪ್ಪನವರು ನಗುತ್ತಲೇ ಜೇಬಿನಿಂದ ಕೀಲಿಕೈ ತೆಗೆದರು. "ಆತು ಬಿಡ್ರಿ. ನಮ್ಮ ಬಟ್ಟಿ ಆರಸದ ಯಂತ್ರ ನಿಮಗೊಬ್ಬರಿಗೆ ಯಾಕ ಓಡಬೇಕು?" ಎಂದರು. ಯಂತ್ರದ ಬಾಗಿಲಿಗೆ ಬೀಗ ಬಿತ್ತು.

ಹಗ್ಗದ ಮೇಲೆ ಮತ್ತೆ ಸಣ್ಣ ಬಟ್ಟೆಗಳು ನೀರಿಳಿಸುತ್ತ ತೂಗಿದವು. ಮತ್ತೆ ಗುಳ್ಳೆ ಎದ್ದವು, ಮತ್ತೆ ಕೂಸಿನ ಅಳು ಓಣಿ ತುಂಬಿತು. ಈ ಸಲ ಜ್ವರವೂ ಬಂತು. ಮೊಮ್ಮಗಳ ಸುಡುವ ಮೈಯನ್ನು ಭುಜಕ್ಕೆ ಹಾಕಿಕೊಂಡು ನೀಲಗಂಗವ್ವ ಪುರಸಭೆಯ ಅಂಗಳಕ್ಕೆ ಬಂದಾಗ ಅವಳ ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. "ತಗೊಳ್ತೀನಿ, ಬರ್ರಿ ಬೀಸ್ರಿ" ಎಂದಳು ಅಷ್ಟೆ. ಜನ ಜೈಕಾರ ಹಾಕಿದರು. ಶಾಲು ಹೊದಿಸಿ, ಮಹಾದಾನಿಗಳ ಕೈಯಿಂದ ಯಂತ್ರ ಸ್ವೀಕರಿಸಿದ ಮಹಾತಾಯಿ ಎಂದು ಅಂದಾನೆಪ್ಪನವರು ಭಾಷಣ ಮಾಡಿದರು. ಹೆಸರು ಅವಳದಾಯಿತು, ಕೀಲಿಕೈ ಅವರ ಜೇಬಿನಲ್ಲೇ ಉಳಿಯಿತು. ಅಂದೇ ಊರ ಬಟ್ಟೆಗಳೆಲ್ಲ ಗರಿಗರಿ ಆರಿದವು. ಅವಳಿಗೆ ಹೊದಿಸಿದ ಶಾಲು ಮಾತ್ರ ಒಗೆದ ಮೇಲೆ ಆರಲಿಲ್ಲ.

ಪಾಳಿಯೇನೋ ತಪ್ಪಲಿಲ್ಲ, ಅದಕ್ಕೆ ಕಾರಣ ಬೇರೆ. ರಟ್ಟಿನ ತುಂಡು ಹಿಡಿದು ಮೊದಲು ಬಂದವಳು ನನ್ನ ಹೆಂಡತಿ. ನಾಲ್ಕು ಸಲ ಬೀಸಿ ಕೈ ನಿಲ್ಲಿಸಿ, "ಅಕ್ಕಾ, ನನ್ನ ರಂಗೋಲಿ ಹೆಂಗಿರ್ತೈತಿ?" ಎಂದು ಕೇಳಿದಳಂತೆ. ಕೂಸಿನ ಬಟ್ಟೆ ಅರ್ಧ ಹಸಿ ಇತ್ತು. ನೀಲಗಂಗವ್ವ ಅದನ್ನು ಮುಟ್ಟಿ ನೋಡಿ, "ಬಾಗಲಕ್ಕ ಕಳಾ ಬರ್ತೈತವ್ವಾ" ಎಂದಳಂತೆ. ಕೋಳಿಯ ಸುದ್ದಿ ಬರಲಿಲ್ಲ. ಕಸ್ತೂರಿ ಕುಣಿಯುತ್ತ ಮನೆಗೆ ಬಂದು ಓಣಿಗೆಲ್ಲ ಹೇಳಿದಳು. ಆಮೇಲೆ ಎಲ್ಲರೂ ಪಾಳಿಗಾಗಿ ಕಾದರು. ಊರಿನಲ್ಲಿ ಈಗ ಯಾರೂ ಯಾರನ್ನೂ ಹೊಗಳುತ್ತಿರಲಿಲ್ಲವಲ್ಲ, ಹೊಗಳಿಕೆ ಸಿಗುವ ಮನೆ ಅದೊಂದೇ. ಗಿರಿಜವ್ವ ಹೋಳಿಗೆ ತಂದು ತಿನ್ನಿಸಿ ಬೀಸಿದಳು. ಅಂದಾನೆಪ್ಪನವರು ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತ ಬೀಸಿದರು, ಮೆಚ್ಚುಗೆ ಸಾಲದೆನಿಸಿದಲ್ಲಿ ಕೈ ನಿಧಾನ ಮಾಡಿದರು. ಒಮ್ಮೆ ಜೋರು, ಒಮ್ಮೆ ನಿಧಾನ, ನಡುವೆ ಸುಸ್ತು. ಆ ಯಂತ್ರ ಮಾಡಿದವನು ನಮ್ಮನ್ನು ಎಲ್ಲಿಯೋ ಕಂಡಿರಬೇಕು.

ಹೀಗೆ ಊರಿಗೆ ಊರೇ ಬಾಯಿಗೆ ಬಂದಂತೆ ಬೈದುಕೊಂಡು ಒಣಬಟ್ಟೆಯಲ್ಲಿ ಹಾಯಾಗಿತ್ತು. ನಯವಿನಯ ಉಳಿದದ್ದು ನೀಲಗಂಗವ್ವನೊಬ್ಬಳಲ್ಲಿ.

ನನ್ನ ಪಾಳಿ ಬಂದ ದಿನ ಕೂಸಿಗೆಂದು ಒಂದು ಅಂಗಿ ಹೊಲಿದುಕೊಂಡು ಹೋದೆ. ಬೇಕೆಂದೇ ಒಂದು ತೋಳನ್ನು ಹಿಂದುಮುಂದಾಗಿ ಹಚ್ಚಿದ್ದೆ, ಕೊರಳನ್ನು ಬೆನ್ನಿನ ಕಡೆ ಕತ್ತರಿಸಿದ್ದೆ. ಕುರುಡನಿಗೂ ಕೈಗೆ ಹತ್ತುವಂಥ ತಪ್ಪು. ನೀಲಗಂಗವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವಳ ಮೂಗಿನ ಹೊಳ್ಳೆ ಅರಳಿತು, ಕೊರಳ ನರ ಉಬ್ಬಿತು. ಬೈಯಿ ತಾಯೀ, ಒಂದೇ ಒಂದು ಸಲ ಬೈಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳ ಕಣ್ಣು ಅಂಗಿಯಿಂದ ಹಗ್ಗದ ಕಡೆ ಹೋಯಿತು. ಅಲ್ಲಿಂದ ನನ್ನ ಕೈಯ ರಟ್ಟಿನ ಕಡೆ ಬಂತು. ನಾನು ಬೀಸುವುದನ್ನು ನಿಲ್ಲಿಸಿಬಿಟ್ಟಿದ್ದೆ, ಅದು ನನಗೇ ಗೊತ್ತಾಗಿರಲಿಲ್ಲ.

"ಭಾಳ ಚಂದ ಆಗೇತಿ ಮಾನಪ್ಪಾ" ಎಂದಳು.

"ಅಕ್ಕಾ, ತೋಳು ನೋಡು" ಎಂದೆ.

"ನೋಡಿದ್ನೆಪ್ಪಾ. ಚಂದ ಅದಾವು ತೋಳು."

ಅಂಗಿಯನ್ನು ಮಡಿಸಿ ತೊಟ್ಟಿಲಿನ ಅಂಚಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಕೈ ನಿಲ್ಲಸಬ್ಯಾಡಪ್ಪಾ. ಇನ್ನ ಎರಡ ಬಟ್ಟಿ ಹಸೀನ ಅದಾವು" ಎಂದಳು.

ನಾನು ತಲೆ ತಗ್ಗಿಸಿ ಬೀಸತೊಡಗಿದೆ.